ಗೂಡಿನಲ್ಲಿ ಉಳಿದ ಜೋಡು

"ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಇಟ್ರೆ ಕಿರುಚ್ತೀನಿ!"

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಐಸಾಕ್ ರಿಗ್ ಹಾಗೇ ಹಿಂದಕ್ಕೆ ತೆಗೆದ. ಎಲ್ಲರ್‌ಗಿಲ್ ಸಿಡಿಮದ್ದಿನ ಕಾರ್ಖಾನೆಯಲ್ಲಿ ಅದು ಅವನ ಮೊದಲ ಬೆಳಗ್ಗೆ. ಬಾಗಿಲು ಕಾಯುವ ಮುದುಕ ಜೋನಸ್ ಬರ್ಕೆಟ್ ಅವನ ಮೈಯೆಲ್ಲ ತಡವಿ ನೋಡಿ, "ಹೋಗಪ್ಪಾ" ಅಂದಾಗಿತ್ತು. ತಡೆದದ್ದು ಮುದುಕನ ಮಗಳು ಹೆಸ್ಟರ್.

ಅವಳು ನೇರ ಬಂದು ಅವನ ಕೋಟಿನ ಅಂಚು ಹಿಡಿದಳು. ಮಡಿಕೆಯೊಳಗಿನಿಂದ ಒಂದು ಸೂಜಿ ಎಳೆದು ಅವನ ಮೂಗಿನ ಮುಂದೆ ಹಿಡಿದಳು.

"ಇದೇನಿದು?"

"ಅಯ್ಯೋ... ರಾತ್ರಿ ನಾನೇ ಹೊಲಿದಿದ್ದು. ಮರೆತು..."

"ಮರೆತು! ಕಬ್ಬಿಣ ಕಲ್ಲಿಗೆ ತಾಗಿ ಒಂದು ಕಿಡಿ ಹಾರಿದ್ರೆ ಸಾಕು, ನೀನೂ ಇರಲ್ಲ, ನಿನ್ನ ಜೊತೆಯವರೂ ಇರಲ್ಲ. ಗೊತ್ತಾ?"

ಐಸಾಕ್ ಸೂಜಿ ನೋಡಲಿಲ್ಲ. ಮುದುಕನ ಬೂದುಗಟ್ಟಿದ ಕಣ್ಣು ನೋಡಿದ. ಆಮೇಲೆ ಬೆಳ್ಳಗಾಗಿದ್ದ ಅವಳ ಮುಖ ನೋಡಿದ. ಅವನಿಗೆ ವಿಷಯ ಅರ್ಥವಾಯಿತು.

ಗಲಾಟೆ ಕೇಳಿ ಮೇಸ್ತ್ರಿ ಓಡಿಬಂದಾಗ ಐಸಾಕನೇ ಮೊದಲು ಬಾಯಿ ಬಿಟ್ಟ. "ಬರ್ಕೆಟ್ ಯಜಮಾನ್ರು ಹಿಡಿದುಬಿಟ್ರು, ಸಾರ್. ಭಾರಿ ಚುರುಕು ಕಣ್ಣು ಅವರದ್ದು."

ಹೆಸ್ಟರ್ ತಲೆ ತಗ್ಗಿಸಿದಳು. ಅಪ್ಪನ ಕಣ್ಣು ಹೋಗುತ್ತಿದೆ ಅನ್ನುವ ಗುಟ್ಟು ಇಷ್ಟು ದಿನ ಇಬ್ಬರದೇ ಆಗಿತ್ತು. ಇವತ್ತಿನಿಂದ ಮೂವರದಾಯಿತು!

ಆ ಕಾರ್ಖಾನೆಯ ಕಟ್ಟುಪಾಡೇ ಹಾಗೆ. ಒಳಗೆ ಕಬ್ಬಿಣ ಹೋಗುವಂತಿಲ್ಲ. ಕೋಟಿಗೆ ಜೇಬಿಲ್ಲ, ಗುಂಡಿಯೂ ಮರದ್ದು. ಊರಿನವರೆಲ್ಲ ಮೆಟ್ಟುವ, ಮರದ ಅಟ್ಟೆಗೆ ಕಬ್ಬಿಣದ ಪಟ್ಟಿ ಹೊಡೆದ ಜೋಡನ್ನು ಬಾಗಿಲಲ್ಲೇ ಬಿಚ್ಚಿ, ಗೋಡೆಯ ಗೂಡಿನಲ್ಲಿಟ್ಟು, ಮೊಳೆಯಿಲ್ಲದ ಮೆತ್ತನೆ ಚರ್ಮದ ಜೋಡು ಮೆಟ್ಟಿ ಒಳಗೆ ಹೋಗಬೇಕು. ಸಂಜೆ ಅದನ್ನು ಬಿಟ್ಟು ತಮ್ಮದನ್ನು ಮೆಟ್ಟಿಕೊಂಡು ಮನೆಗೆ. ಮದ್ದಿನ ಪುಡಿ ಮೆತ್ತಿದ ಒಳಗಿನ ಜೋಡು ಹೊರಗೆ ಬಂದರೆ ಅವತ್ತೇ ಕೆಲಸಕ್ಕೆ ಕುತ್ತು.

ಅರವತ್ತೆರಡು ಗೂಡು. ಎಲ್ಲದರ ಉಸ್ತುವಾರಿ ಹೆಸ್ಟರಳದು. ಅದರಲ್ಲಿ ಒಂದು ಗೂಡನ್ನು ಮಾತ್ರ ಎಂಟು ವರ್ಷದಿಂದ ಯಾರಿಗೂ ಕೊಟ್ಟಿರಲಿಲ್ಲ. ಅದು ಅವಳ ಅಣ್ಣ ರಾಬರ್ಟನದು. ಒಳಗೆ ಮದ್ದು ಸಿಡಿದ ದಿನ ಹನ್ನೆರಡು ವರ್ಷದ ಹೆಸ್ಟರ್ ಕತ್ತಲಾಗುವವರೆಗೂ ಆ ಗೂಡಿನ ಮುಂದೆ ನಿಂತಿದ್ದಳು. ತನ್ನ ಜೋಡನ್ನು ತೆಗೆದುಕೊಳ್ಳಲು ಅಣ್ಣ ಬರಲೇ ಇಲ್ಲ. ಆ ಚಳಿಗಾಲದಲ್ಲೇ ಅಮ್ಮನೂ ಹೋದಳು.

'ಮದ್ದಿನವನನ್ನು ಮಾತ್ರ ಮದುವೆಯಾಗಲ್ಲ' ಎಂದು ಅವಳು ಆಣೆ ಹಾಕಿಕೊಂಡಿದ್ದಳು. ಆದರೆ ಮನಸ್ಸು ಆಣೆಯ ಮಾತು ಕೇಳುತ್ತದೆಯೇ?

ಮೊದಲು ಐಸಾಕನ ಕೋಟಿನ ಅಂಚನ್ನು ಅವಳೇ ಬಿಚ್ಚಿ ಹೊಲಿದುಕೊಟ್ಟಳು. "ಇನ್ನು ಸೂಜಿ ಮುಟ್ಟಿದ್ರೆ ಕೈ ಮುರೀತೀನಿ!" ಆಮೇಲೆ ಚಳಿ ಶುರುವಾಯಿತು. ಅವನ ಜೋಡು ಮಾತ್ರ ಅದು ಹೇಗೋ ಗೂಡಿನಿಂದ ಇಳಿದು ಕಾವಲು ಕೋಣೆಯ ಒಲೆಯ ಪಕ್ಕಕ್ಕೆ ಬರತೊಡಗಿತು.

"ಹೆಸ್ಟರ್, ನನ್ನ ಜೋಡು ಬೆಚ್ಚಗಿದೆ!"

"ಇರುತ್ತೆ. ಒಲೆ ಹತ್ರ ಬಿದ್ದಿತ್ತು."

"ತಾನೇ ನಡ್ಕೊಂಡು ಹೋಯ್ತಾ?"

"ಹೂಂ. ಯಜಮಾನನಿಗಿಂತ ಅದಕ್ಕೇ ಬುದ್ಧಿ ಜಾಸ್ತಿ."

ಅವನು ನಗುತ್ತಾ ಹೋಗುತ್ತಿದ್ದ. ಒಲೆಯ ಪಕ್ಕ ಖಾಲಿಯಾದ ಮೇಲೆಯೇ ಅವಳ ಎದೆಬಡಿತ ಹದಕ್ಕೆ ಬರುತ್ತಿತ್ತು. ದಿನಾ ಬೆಳಗ್ಗೆ ಆರಕ್ಕೆ ಶುರುವಾಗುವ ಭಯ ಸಂಜೆ ಆರಕ್ಕೆ ಇಳಿಯುತ್ತಿತ್ತು. ಇದನ್ನು ಪ್ರೀತಿ ಅನ್ನದೆ ಮತ್ತೇನನ್ನಬೇಕು, ನೀವೇ ಹೇಳಿ!

ಮರುವರ್ಷ ಬೇಸಿಗೆಯಲ್ಲಿ, ಹಳ್ಳದ ದಂಡೆಯ ಆಲ್ಡರ್ ಮರಗಳ ತೋಪಿನಲ್ಲಿ, ಅವನು ಕೇಳಿಯೇಬಿಟ್ಟ. ಅವಳು ಅತ್ತುಬಿಟ್ಟಳು.

"ಈ ಬಾಗಿಲಲ್ಲಿ ನಿಂತು ಇನ್ನೊಬ್ಬರಿಗೆ ಕಾಯೋಕೆ ನನ್ ಕೈಲಾಗಲ್ಲ, ಐಸಾಕ್..."

"ಕಾಯೋದು ಬೇಡ. ಬೆಟ್ಟದಾಚೆ, ನೂಲು ಸುತ್ತೋ ಬಾಬಿನ್ ಮಾಡೋ ಕಾರ್ಖಾನೆಯಲ್ಲಿ ಕೆಲಸ ಕೇಳಿದ್ದೀನಿ. ಮರ ಕಡಿಯೋದು, ಬಾಬಿನ್ ಕಡೆಯೋದು. ಹೆಚ್ಚಂದ್ರೆ ಒಂದು ಬೆರಳು ಹೋಗಬಹುದು!"

"ಮಾತು ಕೊಡು."

"ಕೊಟ್ಟೆ."

ಅಕ್ಟೋಬರ್ ಬಂತು. ಒಂದು ಸೋಮವಾರ ಐಸಾಕ್ ಗೂಡಿನ ಮುಂದೆ ನಿಂತು, ಅವಳ ಮುಖ ನೋಡದೆ ಹೇಳಿದ.

"ಇವತ್ತು ಕೆಂಪು ದಾರದ ಜೋಡು ಕೊಡು."

ಹೆಸ್ಟರಳ ಕೈ ಗಾಳಿಯಲ್ಲೇ ನಿಂತಿತು. ಕೆಂಪು ದಾರ ಕಾಳಿನ ಮನೆಯವರಿಗೆ! ಒತ್ತಿದ ಮದ್ದಿನ ಹಲಗೆಯನ್ನು ಒಡೆದು ಕಾಳು ಮಾಡುವ ಜಾಗ ಅದು. ಅಲ್ಲಿ ಗೋಡೆ ಮಾರು ದಪ್ಪ, ಮಾಡು ಮಾತ್ರ ತೆಳು ಹಲಗೆ. ಸಿಡಿದರೆ ಮೇಲಕ್ಕೆ ಹೋಗಲಿ ಅಂತ. ರಾಬರ್ಟ್ ಹೋದದ್ದೂ ಅಲ್ಲಿಂದಲೇ.

"ಯಾಕೆ?" ಎಂದಳು.

"ನವೆಂಬರಿನ ಮಾರ್ಟಿನ್‌ಮಸ್ ಹಬ್ಬದ ತನಕ ಅಷ್ಟೇ. ಆಮೇಲೆ ಬಾಬಿನ್..."

"ಯಾಕೆ ಅಂತ ಕೇಳ್ದೆ!"

ಅವನು ಅವಳ ಅಪ್ಪನ ಕಡೆ ನೋಡಿದ. ಅಪ್ಪ ಕೆಮ್ಮಿದ.

"ಅಲ್ಲಿ ಕೂಲಿ ಜಾಸ್ತಿ, ಅಲ್ವಾ?" ಎಂದಳು ಹೆಸ್ಟರ್. "ನನ್ನ ಕಣ್ಣೀರಿಗಿಂತ ಅದೇ ಜಾಸ್ತಿ ಆಯ್ತಾ ನಿಂಗೆ?"

"ಹೆಸ್ಟರ್, ನನ್ನ ನಂಬು... ಮೂರೇ ವಾರ."

"ರಾಬರ್ಟ್ ಕೂಡ ಹೀಗೇ ಅಂದಿದ್ದ!"

ಜೋಡನ್ನು ಅವನ ಕಾಲ ಬಳಿ ಎಸೆದು ಅವಳು ಕೋಣೆಯೊಳಗೆ ಹೋದಳು. ಹತ್ತು ದಿನ ಮಾತಿಲ್ಲ. ಹತ್ತು ದಿನವೂ ಭಯ ಮಾತ್ರ ತಪ್ಪಲಿಲ್ಲ. ಒಂದು ತಟ್ಟೆ ಬಿದ್ದರೂ ಅವಳು ಎದ್ದು ನಿಲ್ಲುತ್ತಿದ್ದಳು. ಕೊನೆಗೆ ಕೆಂಡಲ್ ಪಟ್ಟಣದ ಸೋದರತ್ತೆಗೆ ಕಾಗದ ಬರೆದಳು. ಟೋಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು.

'ಕಣ್ಣಿಗೆ ಕಾಣದಿದ್ದರೆ ಎದೆ ಹೊಡೆದುಕೊಳ್ಳುವುದಿಲ್ಲ' ಎಂದುಕೊಂಡಳು ಪಾಪ!

ಹೊರಡುವ ದಿನ ಬೆಳಗ್ಗೆ ಅಪ್ಪ ಒಂದೇ ಮಾತು ಕೇಳಿದ. "ಅವನಿಗೆ ಹೇಳಲ್ವಾ?"

"ಹೇಳಬೇಡ ಅಪ್ಪ. ನನ್ನಾಣೆ."

ಕೆಂಡಲ್ಲಿಗೆ ಹೋಗುವ ಸಾಮಾನಿನ ಗಾಡಿ ಬೆಟ್ಟ ಬಳಸಿ ಮೆಲ್ಲಗೆ ಏರುತ್ತಿತ್ತು. ಹೆಸ್ಟರ್ ಪೆಟ್ಟಿಗೆಯ ಮೇಲೆ ಕೂತು, ತಿರುಗಿ ನೋಡಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ಕೆಳಗೆ ಕಣಿವೆಯಲ್ಲಿ ಹಳ್ಳ, ಹಳ್ಳದುದ್ದಕ್ಕೂ ನೀರಿನ ಚಕ್ರಗಳು...

ಧಡ್!

ಕುದುರೆ ಬೆಚ್ಚಿ ಹಿಂಗಾಲ ಮೇಲೆ ನಿಂತಿತು. ಎರಡನೇ ಸದ್ದಿಗಾಗಿ ಹೆಸ್ಟರ್ ಕಿವಿಗೊಟ್ಟಳು. ಒಂದು ಮನೆ ಸಿಡಿದರೆ ಪಕ್ಕದ್ದೂ ಸಿಡಿಯಬಹುದೆಂದು ಆ ಊರಿನವರೆಲ್ಲ ಹಾಗೇ ಕಾಯುತ್ತಾರೆ. ಎರಡನೆಯದು ಬರಲಿಲ್ಲ. ತೋಪಿನ ಮೇಲೆ ಬಿಳಿ ಹೊಗೆ ಎದ್ದಿತು. ಅದು ಎಲ್ಲಿಂದ ಎದ್ದಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕಾಳಿನ ಮನೆ!

ಗಾಡಿಯಿಂದ ಹಾರಿದ್ದು ಅವಳಿಗೆ ನೆನಪಿಲ್ಲ. ಒಂದು ಮೈಲಿ ದಾರಿಯನ್ನು ಲಂಗ ಎತ್ತಿ ಹಿಡಿದು ಓಡಿದಳು. 'ದೇವರೇ, ಅವನೊಬ್ಬ ಉಳಿದರೆ ಸಾಕು... ನನಗೆ ಸಿಗದಿದ್ದರೂ ಪರವಾಗಿಲ್ಲ... ಉಳಿದರೆ ಸಾಕು...'

ಬಾಗಿಲ ಮುಂದೆ ಆಗಲೇ ಹೆಂಗಸರು ನೆರೆದಿದ್ದರು. ಯಾರೂ ಅಳುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಅಲ್ಲಿ ಉತ್ತರ ಹೇಳುವುದು ಗೂಡುಗಳು. ಒಬ್ಬೊಬ್ಬನೇ ಹೊರಗೆ ಬರುತ್ತಾನೆ, ತನ್ನ ಜೋಡು ತೆಗೆದುಕೊಳ್ಳುತ್ತಾನೆ, ಗುಂಪಿನಲ್ಲಿ ಒಬ್ಬಳು ಕುಸಿದು ಕೂರುತ್ತಾಳೆ. ಉಳಿದವರು ಮತ್ತೆ ಗೂಡು ನೋಡುತ್ತಾರೆ.

ಅಪ್ಪ ಗೋಡೆ ತಡವುತ್ತಾ ನಿಂತಿದ್ದ. "ಹೆಸ್ಟರ್? ನೀನೇನಾ? ಎಷ್ಟು ಉಳಿದಿದೆ ನೋಡಮ್ಮಾ... ನಂಗೆ ಕಾಣ್ತಿಲ್ಲ..."

ಅವಳು ಲೆಕ್ಕ ಹಿಡಿದಳು. ಹತ್ತು. ಆರು. ನಾಲ್ಕು. ಆಮೇಲೆ ಬರುವವರು ನಿಂತರು.

"ಎರಡು, ಅಪ್ಪ."

"ಯಾರದ್ದು?"

"ಡ್ಯಾನ್ ಮಾಮಂದು..." ಮುಂದಿನ ಹೆಸರು ಅವಳ ಬಾಯಿಂದ ಹೊರಡಲಿಲ್ಲ. ಮುದುಕ ಡ್ಯಾನ್ ಮತ್ತು ಐಸಾಕ್ ಕಾಳಿನ ಮನೆಯ ಜೋಡಿ.

ಅಪ್ಪ ನೆಲಕ್ಕೆ ಕುಸಿದ. "ನನ್ನಿಂದ ಆಯ್ತಮ್ಮಾ! ಮೇಸ್ತ್ರಿ ನನ್ನ ಕಣ್ಣಿನ ವಿಷಯ ಪತ್ತೆ ಮಾಡಿಬಿಟ್ಟಿದ್ದ. ಕೆಲಸವೂ ಬಿಡು, ಕಾರ್ಖಾನೆ ಮನೆಯೂ ಬಿಡು ಅಂದ. ಆಗ ಆ ಹುಡುಗ... ಕಾಳಿನ ಮನೆಗೆ ಯಾರೂ ಬರ್ತಿಲ್ಲ ಅಲ್ವಾ, ನಾನು ಹೋಗ್ತೀನಿ, ಮಾರ್ಟಿನ್‌ಮಸ್ ತನಕ ಮುದುಕನ್ನ ಬಿಟ್ಟುಬಿಡಿ ಅಂದ. ಆಮೇಲೆ ಬಾಬಿನ್ ಕಾರ್ಖಾನೆಯವರು ಮನೆ ಕೊಡ್ತಾರಂತೆ, ಮೂವರೂ ಅಲ್ಲಿಗೇ ಹೋಗೋಣ ಅಂದ. ನಿಂಗೆ ಹೇಳಬೇಡ ಅಂತ ನಾನೇ ಭಾಷೆ ತಗೊಂಡೆ. ನನ್ನ ಕಣ್ಣಿಂದ ಮನೆಯೂ ಹೋಗುತ್ತೆ ಅಂತ ಮಗಳಿಗೆ ಹೇಳೋಕೆ ನಾಚಿಕೆ ಆಯ್ತು ನಂಗೆ..."

ಹೆಸ್ಟರ್ ಅಳಲಿಲ್ಲ. ಅವಳು ಎಣಿಸಿದ ಎರಡನೆಯ ಜೋಡು, ಅವನದು, ಗೂಡಿನಲ್ಲಿ ಇರಲಿಲ್ಲ, ಒಲೆಯ ಪಕ್ಕದಲ್ಲಿತ್ತು. ಅವಳಿಲ್ಲದ ದಿನವೂ ಅಪ್ಪ ರೂಢಿಯಂತೆ ಅಲ್ಲಿಟ್ಟಿದ್ದ. ಅದನ್ನೆತ್ತಿ ಎದೆಗೆ ಒತ್ತಿಕೊಂಡಳು.

ಜೋಡು ಇನ್ನೂ ಬೆಚ್ಚಗಿತ್ತು.

'ನಂಬು ಅಂದೆಯಲ್ಲ ಐಸಾಕ್... ಮೂರೇ ವಾರ ನಂಬೋಕೆ ನನ್ನಿಂದ ಆಗಲಿಲ್ಲವಲ್ಲ!'

"ಹೆಸ್ಟರ್!"

ಕೂಗು ಕಾರ್ಖಾನೆಯ ಒಳಗಿಂದ ಬರಲಿಲ್ಲ. ಅವಳ ಬೆನ್ನ ಹಿಂದೆ, ರಸ್ತೆಯ ಕಡೆಯಿಂದ ಬಂತು.

ಹೆಂಗಸರು ದಾರಿ ಬಿಟ್ಟರು. ಮೊಣಕಾಲುದ್ದ ಕೆಸರು, ಹರಿದ ತೋಳು, ಕಾಲಲ್ಲಿ ಕೆಂಪು ದಾರದ ಮೆತ್ತನೆ ಜೋಡು... ಐಸಾಕ್! ಹಿಂದೆ ಏದುಸಿರು ಬಿಡುತ್ತಾ ಡ್ಯಾನ್ ಮಾಮ. ಅವನ ಕಾಲಲ್ಲೂ ಅದೇ.

"ಈ ಪೆದ್ದನಿಗೆ ಸ್ವಲ್ಪ ಬುದ್ಧಿ ಹೇಳ್ರೋ!" ಡ್ಯಾನ್ ಮಾಮ ಕಿರುಚಿದ. "ಬರುವಾಗ ಹೆಸ್ಟರ್ ಪೆಟ್ಟಿಗೆ ಹಿಡ್ಕೊಂಡು ಗಾಡಿ ಹತ್ತಿದ್ದು ನೋಡಿದೆ ಅಂತ ಒಂದು ಮಾತು ಅಂದೆ, ಅಷ್ಟೇ. ಹಿಂದಿನ ಗೋಡೆ ಹಾರಿ ಬೆಟ್ಟದ ಕಾಲುದಾರಿ ಹಿಡಿದುಬಿಟ್ಟ! ಒಳಗಿನ ಜೋಡಲ್ಲಿ! ನಲವತ್ತು ವರ್ಷದಲ್ಲಿ ಇಂಥದ್ದು ಕಂಡಿಲ್ಲ. ಜೋಡೋ, ಜೋಡೋ ಅಂತ ನಾನು ಹಿಂದೆ ಓಡಿದೆ. ಚಕ್ರದ ನೀರು ನಿಲ್ಲಿಸೋದೂ ಮರೆತೆ, ಯಂತ್ರ ತಿರುಗ್ತಾನೇ ಇತ್ತು. ಬೆಟ್ಟದ ನೆತ್ತಿ ಹತ್ತೋದ್ರೊಳಗೆ ಹಿಂದೆ ಧಡ್ ಅಂತು..."

ಅಲ್ಲಿಗೆ ಅವನ ಬೈಗುಳ ನಿಂತಿತು. ತನ್ನ ಕಾಲಿನ ಜೋಡನ್ನು ನೋಡಿಕೊಂಡ. ಆಮೇಲೆ ಒಂದು ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ.

"ಗಾಡಿ ಹಿಡಿದೆ," ಐಸಾಕ್ ಹೇಳಿದ. "ನಿನ್ನ ಪೆಟ್ಟಿಗೆ ಮಾತ್ರ ಇತ್ತು."

ಹೆಸ್ಟರ್ ಅವನ ಮುಂದೆ ಬಂದು ನಿಂತಳು.

"ಕೈ ಎತ್ತು."

"ಏನು?"

"ಎತ್ತು ಅಂದೆ!"

ಅವನು ಎತ್ತಿದ. ಅವಳು ಅವನ ಭುಜ, ತೋಳು, ಎದೆ, ಬೆನ್ನು, ಒಂದೊಂದನ್ನೇ ತಡವಿದಳು. ಊರೆಲ್ಲ ನೋಡುತ್ತಿತ್ತು. ಕೋಟಿನ ಅಂಚಿನಲ್ಲಿ, ತಾನೇ ಹೊಲಿದ ಹೊಲಿಗೆಯ ಬಳಿ ಅವಳ ಕೈ ನಿಂತಿತು. ಆಮೇಲೆ ಅವನ ಎದೆಗೆ ಹಣೆಯೊತ್ತಿ ಬಿಕ್ಕಿಬಿಕ್ಕಿ ಅತ್ತಳು.

"ಸೂಜಿ ಸಿಕ್ತಾ?" ಅವನು ಮೆಲ್ಲಗೆ ಕೇಳಿದ.

"ಸುಮ್ನಿರು! ನಿನ್ನನ್ನ ನಂಬಲಿಲ್ಲ ನಾನು..."

"ನಾನೂ ಹೇಳಲಿಲ್ಲವಲ್ಲ."

"ಇನ್ನು ಏನಿದ್ರೂ ಹೇಳ್ಬೇಕು. ಕೆಟ್ಟದ್ದೇ ಮೊದಲು ಹೇಳ್ಬೇಕು."

"ಸರಿ. ಕೆಟ್ಟದ್ದು ಕೇಳು. ಒಳಗಿನ ಜೋಡಲ್ಲಿ ಹೊರಗೆ ಬಂದಿದ್ದೀನಿ. ಇವತ್ತೇ ನನ್ನ ಕೆಲಸ ಹೋಗುತ್ತೆ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಮಂಡಿಯೂರಿ ಕೂತು, ಕೆಸರು ಮೆತ್ತಿದ ಕೆಂಪು ದಾರದ ಜೋಡನ್ನು ಅವನ ಕಾಲಿಂದ ಕಳಚಿ ಪಕ್ಕಕ್ಕಿಟ್ಟಳು. ಅವನ ಸ್ವಂತ ಜೋಡನ್ನು ಒಂದೊಂದಾಗಿ ಮೆಟ್ಟಿಸಿದಳು.

"ಬೆಚ್ಚಗಿದೆ, ಹೆಸ್ಟರ್..."

"ಇವನ್ನ ಇನ್ಮೇಲೆ ಈ ಗೂಡಲ್ಲಿ ಇಡಕೂಡದು."

"ಮತ್ತೆ ಎಲ್ಲಿ ಇಡಲಿ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ನಮ್ಮನೆ ಒಲೆ ಪಕ್ಕ."