ಕೊಕ್ಕರಾಯ ನುಂಗಿದ ಕೆಂಪು ಹಣ್ಣು

ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ ಮಂಜಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮೋಡಗಳು ಇಳಿದು ಮನೆಯ ಅಂಗಳದಲ್ಲೇ ಕೂರುತ್ತಿದ್ದವು. ಮಕ್ಕಳು ಅವುಗಳ ಮೇಲೆ ಹತ್ತಿ ಕುಣಿದು ಕೂಗುತ್ತಿದ್ದರು. ಆ ಕೂಗು ಸಹಿಸದ ಮಾಂತ್ರಿಕನೊಬ್ಬ ಗಿರಿಯ ತುದಿಯಲ್ಲಿದ್ದ. ಮೈ ಮನುಷ್ಯನದು, ಮುಖಕ್ಕೆ ಗಿಡುಗನ ಕೊಕ್ಕು. ಹೆಸರು ಕೊಕ್ಕರಾಯ. ಒಂದು ಮಧ್ಯಾಹ್ನ ಅವನು ಕೊಕ್ಕು ತೆರೆದು ಉಸಿರೆಳೆದ. ರಾಜ್ಯದ ಮಕ್ಕಳ ದನಿಗಳೆಲ್ಲ ಹಾರಿಹೋಗಿ ಅವನ ಗಂಟಲ ಚೀಲ ಸೇರಿದವು.

ಕುಂಬಾರಗೇರಿಯ ಪದುಮಿಯ ಮಗಳು ಚಂದ್ರಿ ಆಗ ತಾನೇ "ಅಮ್ಮಾ, ನಂಗೆ..." ಎಂದಿದ್ದಳು. ಮಾತು ಅಲ್ಲಿಗೇ ನಿಂತಿತು.

ನಿಜ ಹೇಳಬೇಕೆಂದರೆ, ಮೊದಲ ದಿನ ತಾಯಂದಿರೆಲ್ಲ ಹಾಯಾಗಿ ಮಲಗಿದರು. ಎರಡನೇ ದಿನ ಮನೆ ಭಣಗುಟ್ಟಿತು. ಮೂರನೇ ದಿನ ಎಲ್ಲರೂ ಗಿರಿ ಹತ್ತಿ ಕೊಕ್ಕರಾಯನ ಕಾಲಿಗೆ ಬಿದ್ದರು.

ಕೊಕ್ಕರಾಯ ಮನೆಗೆ ಹನ್ನೆರಡರಂತೆ ಸ್ಟ್ರಾಬೆರಿ ಸಸಿಯನ್ನೂ ಒಂದೊಂದು ಬೆಳ್ಳಿ ಹರಿವಾಣವನ್ನೂ ಹಂಚಿದ. "ಚಳಿಗಾಲ ಮುಗಿಯುವುದರೊಳಗೆ ಯಾರಾದರೂ ಒಬ್ಬರು ಈ ಹನ್ನೆರಡು ಗಿಡದಿಂದ ನನ್ನ ಈ ಹರಿವಾಣ ತುಂಬಿಸಿ. ಒಂದು ಹಣ್ಣೂ ನಿಂಬೆಗಿಂತ ಸಣ್ಣದಿರಬಾರದು. ತುಂಬಿದರೆ ದನಿ ನಿಮ್ಮದು. ಇಲ್ಲವಾದರೆ ಅವು ನನ್ನ ಹೊಟ್ಟೆಗಿಳಿದು ಕರಗುತ್ತವೆ," ಎಂದ.

ಯುವರಾಜ ಕತ್ತಿ ಹಿರಿದು ಗಿಡ ಕಾದ. ಕತ್ತಿಗೆ ಹೆದರಿ ಗಿಡ ಹಣ್ಣು ಬಿಡುತ್ತದೆಯೇ? ಉಳಿದವರು ಸಸಿಯನ್ನು ಕುತ್ತಿಗೆಯವರೆಗೆ ಹೂತು, ಮೂರು ಹೊತ್ತು ನೀರು ಸುರಿದು ಕೊಳೆಸಿದರು.

ಪದುಮಿ ಹಾಗೆ ಮಾಡಲಿಲ್ಲ. ಹನ್ನೆರಡು ಮಡಕೆಗಳ ತಳಕ್ಕೆ ತೂತು ಕೊರೆದಳು. ಹಳೆಯ ಗೊಬ್ಬರ, ಮಣ್ಣು, ಮರಳು ಬೆರೆಸಿ ತುಂಬಿದಳು. ಚಿಗುರೊಡೆಯುವ ತಲೆ ಮಣ್ಣಿನ ಮೇಲಿರುವಂತೆ ಸಸಿ ಊರಿದಳು. ಬಿಸಿಲು ಬೀಳುವ ಕಡೆ ಇಟ್ಟಳು. ಬೆಳಿಗ್ಗೆ ಒಂದು ಸಲ ಬುಡಕ್ಕಷ್ಟೇ ನೀರು.

ವಾರ ಕಳೆಯುವಷ್ಟರಲ್ಲಿ ಬಿಳಿ ಹೂ ಬಂದವು. ಕೇರಿಯವರೆಲ್ಲ ಕುಣಿದಾಡಿದರು. ಪದುಮಿ ಚಿವುಟಲು ಕೈ ಹಾಕಿದಳು.

"ಅಯ್ಯೋ! ನಿನ್ನ ತೌರಲ್ಲಿ ಹೂ ಕಿತ್ತು ಹಣ್ಣು ತಿಂತಾರೇನೇ?" ಎಂದು ಅತ್ತೆ ಕಾಳವ್ವ ಎದೆ ಬಡಿದುಕೊಂಡಳು.

"ಗಿಡ ಇನ್ನೂ ಎಳಸು ಅತ್ತೆ. ಬೇರು ಬಲಿಯೋ ಮೊದಲೇ ಕಾಯಿ ಹೊರಿಸಿದ್ರೆ ಸೊರಗುತ್ತೆ. ಹದಿನೈದಕ್ಕೇ ಹೆತ್ತವರು ನೀವು, ನಿಮಗೆ ಗೊತ್ತಿಲ್ವಾ?"

ಕಾಳವ್ವ ಬಾಯಿ ಮುಚ್ಚಿದಳು. ಆದರೆ ಹೂಗಳು ಬಾಯಿ ತೆರೆದವು. ಕೊಕ್ಕರಾಯನ ಮಾಯೆ! ಚಂದ್ರಿಯ ದನಿಯಲ್ಲೇ ಮೆಲ್ಲಗೆ, "ಅಮ್ಮಾ, ನೋವಾಗುತ್ತೆ, ದಯವಿಟ್ಟು ಕೀಳಬೇಡ" ಎಂದವು.

ಪದುಮಿ ಬಾಗಿ ಹೂವಿಗೆ ಕಿವಿಗೊಟ್ಟಳು. ಎಷ್ಟು ದಿನದ ಮೇಲೆ ಕೇಳಿದ ದನಿ! ಆಮೇಲೆ ಕಣ್ಣೊರೆಸಿಕೊಂಡು, "ನನ್ನ ಮಗಳು ಹುಟ್ಟಿದಾಗಿನಿಂದ ಇಷ್ಟು ಮರ್ಯಾದೆಯಿಂದ ಮಾತಾಡಿದ್ದೇ ಇಲ್ಲ," ಎಂದು ಅಷ್ಟೂ ಹೂ ಚಿವುಟಿದಳು. ಮಾಯೆ ಬಿಟ್ಟುಹೋಯಿತು. ಗಿಡಗಳು ಬೇರಿಳಿಸಿ ದಪ್ಪಗಾದವು.

ಆಮೇಲೆ ಎರಡನೇ ಅಡ್ಡಿ ಬಂತು. ಗಿಡಗಳಿಂದ ಉದ್ದುದ್ದ ಹಂಬು ಹೊರಟವು. ಪ್ರತಿ ಹಂಬಿನ ತುದಿಗೂ ಒಂದು ಮರಿಗಿಡ. ಇದ್ದ ಸತ್ವವೆಲ್ಲ ಮರಿಗಳಿಗೇ ಹೋದರೆ ಹಣ್ಣಿಗೇನು ಉಳಿಯುತ್ತದೆ? ಪದುಮಿ ಕುಡುಗೋಲು ತಂದಳು. ಮುಟ್ಟುವ ಮೊದಲೇ ಹಂಬುಗಳು ಹಸಿರು ಹಾವುಗಳಾಗಿ ಹೆಡೆಯೆತ್ತಿ ಬುಸುಗುಟ್ಟಿದವು.

"ಓಡೇ ಪದುಮಿ!" ಎಂದಳು ಕಾಳವ್ವ.

"ಓಡಿದ್ರೆ ಚಂದ್ರಿ ಜನ್ಮಪೂರ್ತಿ ಮೂಗಿಯಾಗ್ತಾಳೆ," ಎಂದು ಪದುಮಿ ಬುಡ ಹಿಡಿದು ಕಚಕಚ ಕೊಯ್ದಳು. ನೆಲಕ್ಕೆ ಬಿದ್ದ ಹಾವುಗಳು ಮತ್ತೆ ಬರೀ ಹಂಬುಗಳಾದವು.

ಮತ್ತೆ ಹೂ ಬಂತು. ಈ ಸಲ ಚಿವುಟಲಿಲ್ಲ. ಕಾಯಿ ಕಚ್ಚಿದಾಗ, ಮಣ್ಣು ತಾಗಿ ಕೊಳೆಯದಿರಲೆಂದು ಕೆಳಗೆ ಒಣಹುಲ್ಲು ಹಾಸಿದಳು. ಆದರೆ ಮೂರನೇ ಅಡ್ಡಿ ಬಾಕಿಯಿತ್ತು. ಕೊಕ್ಕರಾಯನ ಬಳಿ ಸಾವಿರ ಗೊರವಂಕಗಳಿದ್ದವು. ರಾಜ್ಯದಲ್ಲಿ ಎಲ್ಲಿ ಹಣ್ಣು ಕೆಂಪಾದರೂ ಅವು ಬಂದು ಮುಗಿಸುತ್ತಿದ್ದವು.

ಕಾಯಿ ಹಸಿರಿರುವಾಗಲೇ ಪದುಮಿ ಮಡಕೆ ತಿದ್ದುವ ತಿಗರಿಯ ಪಕ್ಕದ ಜೇಡಿಮಣ್ಣು ಹಿಡಿದು ಕೂತಳು. ಹಣ್ಣಿನಾಕಾರ ತಿದ್ದಿ, ಪೊರಕೆಕಡ್ಡಿಯಿಂದ ಬೀಜದ ಚುಕ್ಕಿ ಚುಚ್ಚಿ, ಕೆಮ್ಮಣ್ಣು ಬಳಿದು ಮಡಕೆ ಬೇಯಿಸುವ ಆವಿಗೆಯಲ್ಲಿ ಸುಟ್ಟಳು. ಕಾಳವ್ವನಿಗೂ ಹುರುಪು ಬಂತು. ತೆಂಗಿನಕಾಯಿಯಷ್ಟು ದೊಡ್ಡದೊಂದು ಮಾಡಿದಳು.

"ಇಷ್ಟು ದೊಡ್ಡ ಹಣ್ಣು ಎಲ್ಲಿರುತ್ತೆ ಅತ್ತೆ?"

"ಸುಮ್ನಿರೇ, ಆ ಆಸೆಬುರುಕ ಕೊಕ್ಕರಾಯನಿಗೆ ಇದೂ ಸಾಲಲ್ಲ."

ಸುಟ್ಟ ಹಣ್ಣುಗಳನ್ನು ಗಿಡಗಳ ನಡುವೆ ಹುಲ್ಲಿನ ಮೇಲಿಟ್ಟರು. ಗೊರವಂಕಗಳು ಬಂದು ಟಕ್ ಎಂದು ಕುಕ್ಕಿದವು. ಕೊಕ್ಕು ಚುರ್ ಎಂದಿತು. ಎರಡನೇ ದಿನವೂ ಟಕ್, ಮೂರನೇ ದಿನವೂ ಟಕ್. ನಾಲ್ಕನೇ ದಿನ ಒಂದೂ ಇತ್ತ ತಿರುಗಲಿಲ್ಲ. ನಿಜದ ಹಣ್ಣು ಅವುಗಳ ಕಣ್ಣೆದುರೇ ನಿಂಬೆಗಿಂತ ದಪ್ಪಗಾಗಿ, ಕೆಂಪಾಗಿ, ಬೀದಿಯ ತುದಿಯವರೆಗೂ ಘಮಘಮಿಸಿತು. ಪದುಮಿ ಬಿಡಿಸುತ್ತ ಹೋದಳು, ಹರಿವಾಣ ತುಂಬುತ್ತ ಬಂತು.

ಕೊಕ್ಕರಾಯನಿಗೆ ವಾಸನೆ ಬಡಿಯಿತು. "ಹೋಗಿ ತಿನ್ನಿರೋ!" ಎಂದ.

"ಅದು ಬರೀ ಮಣ್ಣು ಸ್ವಾಮಿ, ನಮ್ಮ ಕೊಕ್ಕು ನೋಡಿ," ಎಂದವು ಗೊರವಂಕಗಳು.

ಹರಿವಾಣ ತುಂಬುವ ಮೊದಲೇ ಎಲ್ಲ ನುಂಗಬೇಕೆಂದು ಅವನೇ ಎರಗಿದ. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕೆಂಪಗಿನದು ಕಣ್ಣಿಗೆ ಬಿತ್ತು. ಗಬಕ್ಕನೆ ನುಂಗಿದ. ಅದು ಕಾಳವ್ವನ ಹಣ್ಣು! ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣು ಮೇಲೆ ಕೆಳಗಾಗಿ, ಒಮ್ಮೆ ಕೆಮ್ಮಿದ, ಎರಡು ಸಲ ಕೆಮ್ಮಿದ, ಮೂರನೆಯದಕ್ಕೆ ಹಣ್ಣಿನ ಜೊತೆ ಗಂಟಲ ಚೀಲವೇ ಹರಿದು ದನಿಗಳೆಲ್ಲ ಹಾರಿಬಂದವು. ಕೊಕ್ಕು ಮುರಿಯಿತು, ಮಾಯೆ ಮುಗಿಯಿತು. ಉಳಿದದ್ದು ಬೋಳುತಲೆಯ ಒಬ್ಬ ಸಾಧಾರಣ ಮುದುಕ, ಅಷ್ಟೆ.

"ಎದ್ದೇಳಪ್ಪ, ನೀರು ಕುಡಿ. ಆಮೇಲೆ ಗಿಡಕ್ಕೂ ಹಾಕು. ಇನ್ನು ಅದೇ ನಿನ್ನ ಕೆಲಸ," ಎಂದಳು ಕಾಳವ್ವ. ಸೊಸೆಯ ಕಡೆ ತಿರುಗಿ, "ಇಂಥ ಸೊಸೆ ಏಳು ಕೇರಿ ಹುಡುಕಿದ್ರೂ ಸಿಗಲ್ಲ ಕಣೇ," ಎಂದು ನೆಟಿಗೆ ಮುರಿದಳು.

ಕೇರಿಯ ತುಂಬ ಕೂಗು, ಕಿರುಚು, ಜಗಳ. ಪದುಮಿ ಮಾತ್ರ ಚಂದ್ರಿಯ ಬಾಯನ್ನೇ ನೋಡುತ್ತಿದ್ದಳು. ಅಷ್ಟು ತಿಂಗಳಿಂದ ನಿಂತಿದ್ದ ಮಾತು ಕೊನೆಗೂ ಪೂರ್ತಿಯಾಯಿತು.

"...ಹಸಿವು!"

ಪದುಮಿ ಹರಿವಾಣದ ಅತಿ ದೊಡ್ಡ ಹಣ್ಣು ಆರಿಸಿ ಮಗಳ ಬಾಯಿಗಿಟ್ಟಳು. ಅವತ್ತು ಮಂಜಿನಗಿರಿಯಲ್ಲಿ ಯಾವ ತಾಯಿಯೂ "ಸುಮ್ನಿರು" ಎನ್ನಲಿಲ್ಲ. ಮಾರನೇ ದಿನದಿಂದ ಎಲ್ಲರೂ ಎಂದರು. ಹಾಗೆ ಗದರುತ್ತ, ಹಣ್ಣು ತಿನ್ನುತ್ತ, ಅವರೆಲ್ಲ ಬಹುಕಾಲ ಸುಖವಾಗಿದ್ದರು.