ಎಡಚಕ್ರದ ನಟ್ಟು

ಖಾಕಿ ಅಂಗಿಯ ಬಲತೋಳಿನ ಗೆರೆ ನೆಟ್ಟಗೆ ನಿಂತಿತ್ತು. ಎಡತೋಳನ್ನು ಹಲಗೆಯ ಮೇಲೆ ಹರಡಿ ಇಸ್ತ್ರಿಪೆಟ್ಟಿಗೆ ಇಡುವಷ್ಟರಲ್ಲಿ ಠಾಣೆಯ ರೈಟರ್ ಫೋನ್ ಮಾಡಿದ. ನಸುಕಿನಲ್ಲಿ ಇಳಿಜಾರು ರಸ್ತೆಯಲ್ಲಿ ಹಳೆಯ ಜೀಪೊಂದು ಉರುಳಿ, ಓಡಿಸುತ್ತಿದ್ದ ಯುವಕ ಸತ್ತಿದ್ದಾನೆ. ಇದು ಅಪಘಾತವಲ್ಲ, ಯಾರೋ ಚಕ್ರ ಸಡಿಲಿಸಿದ್ದಾರೆ ಎಂದು ಅವನ ತಂದೆ ದೂರು ತಂದಿದ್ದಾನೆ. ಇನ್‌ಸ್ಪೆಕ್ಟರ್ ಸ್ವಿಚ್ ಆರಿಸಿ, ಒಂದು ತೋಳು ಸುಕ್ಕಾಗಿದ್ದ ಅಂಗಿಯನ್ನೇ ತೊಟ್ಟು ಹೊರಟಳು. ಬೆಳಗಿನ ಎಂಟು ಗಂಟೆಗೆ ಎಫ್‌ಐಆರ್ ದಾಖಲಾಯಿತು.

"ಗುಜರಿಯಿಂದ ಎತ್ಕೊಂಡು ಬಂದಾಗ ಅದು ಬರೀ ತುಕ್ಕು ಹಿಡಿದ ಚಾಸಿ," ಎಂದ ತಂದೆ. "ನಾನೂ ನನ್ನ ಮಗನೂ ವರ್ಷಗಟ್ಟಲೆ ಕೂತು ಕಟ್ಟಿದ್ವಿ. ನಿನ್ನೆ ನೆಂಟರೆಲ್ಲರ ಮುಂದೆ ಕೀ ಅವನ ಕೈಗೆ ಕೊಟ್ಟೆ. ಅದನ್ನ ಕೊಳ್ಳೋಕೆ ಒಬ್ಬ ದುಂಬಾಲು ಬಿದ್ದಿದ್ದ. ಕೊಡಲ್ಲ ಅಂದಿದ್ದಕ್ಕೆ ಹೊಟ್ಟೆಕಿಚ್ಚು."

ಕೊಳ್ಳಲು ಬಂದಿದ್ದವನನ್ನು ಹುಡುಕಿಕೊಂಡು ಹೋದ ದಫೇದಾರ ಆಸ್ಪತ್ರೆಯಿಂದ ಮರಳಿದ. "ವಾರದಿಂದ ಅಲ್ಲೇ ಮಲಗಿದಾನೆ, ಮೇಡಂ. ಮಂಚದಿಂದ ಇಳಿಯೋಕೇ ಇಬ್ಬರು ಬೇಕು. ಚಕ್ರ ಎಲ್ಲಿಂದ ಬಿಚ್ಚಬೇಕು?"

ಸ್ಥಳ ಪಂಚನಾಮೆಯಲ್ಲಿ ಮುಂದಿನ ಎಡಚಕ್ರ ಚರಂಡಿಯಲ್ಲಿ ಬೇರೆಯಾಗಿ ಸಿಕ್ಕಿತ್ತು. ನಟ್ಟುಗಳು ಮನೆಯ ತಿರುವಿನಿಂದಲೇ ಒಂದೊಂದಾಗಿ ರಸ್ತೆಗೆ ಬಿದ್ದಿದ್ದವು. ಯಾವುದೂ ಮುರಿದಿರಲಿಲ್ಲ, ಯಾರೋ ಮೊದಲೇ ಸಡಿಲಿಸಿದ್ದು ಸ್ಪಷ್ಟವಿತ್ತು. ಶವ ಪಂಚನಾಮೆಯಲ್ಲಿ ಇನ್‌ಸ್ಪೆಕ್ಟರ್ ಮೃತನ ಅಂಗೈಗಳನ್ನು ತಿರುಗಿಸಿ ನೋಡಿದಳು. ಒಂದು ಗಾಯದ ಕಲೆಯೂ ಇಲ್ಲದ ಮೃದುವಾದ ಕೈಗಳು. ಉಗುರುಗಳು ಶುಭ್ರ.

ಮಧ್ಯಾಹ್ನ ನಜ್ಜುಗುಜ್ಜಾದ ಜೀಪನ್ನು ಠಾಣೆಯ ಅಂಗಳಕ್ಕೆ ತಂದು ಇಳಿಸಿದರು. ಸೀಟಿನ ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ. ತಂದೆಯನ್ನೂ, ಸತ್ತವನ ಅಕ್ಕನನ್ನೂ ಕರೆಸಿದರು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗಂಟಿ ನಿಂತಳು.

ಉಳಿದ ನಟ್ಟುಗಳನ್ನೂ ಬಿಚ್ಚಿ ನೋಡಲೆಂದು ದಫೇದಾರ ಹಿಂದಿನ ಎಡಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಿ ಬೆವರಿದ. "ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ, ಮೇಡಂ."

"ಮುರಿದುಹಾಕ್ಬೇಡಯ್ಯಾ!" ತಂದೆ ಗದರಿದ. "ಈ ಗಾಡಿಗೆ ಎಡಗಡೆ ನಟ್ಟುಗಳ ಥ್ರೆಡ್ ಉಲ್ಟಾ. ನೀನು ಬಿಚ್ತಿಲ್ಲ, ಬಿಗಿ ಮಾಡ್ತಿದೀಯ. ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ."

"ಎಲ್ಲ ಗಾಡಿಗೂ ಹೀಗೇನಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಈಗಿನವಕ್ಕಿಲ್ಲ. ಹೊರಗಿನವರಿಗೆ ಗೊತ್ತೇ ಆಗಲ್ಲ."

"ಬಿಚ್ಚಿದವರಿಗೆ ಗೊತ್ತಿತ್ತು. ನಿಮ್ಮ ಮನೇಲಿ ಯಾರ್ಯಾರಿಗೆ ಗೊತ್ತು?"

"ನನಗೆ. ನನ್ನ ಮಗನಿಗೆ."

"ಮಗಳಿಗೆ?"

ಅಂಥ ದಿನವೂ ತಂದೆಯ ತುಟಿ ಕೊಂಕಿತು. "ಅವಳಿಗಾ? ಟೀ ಲೋಟ ತಂದಿಡೋಳು, ಎತ್ಕೊಂಡು ಹೋಗೋಳು. ಸ್ಪ್ಯಾನರ್‌ಗೂ ಸೌಟಿಗೂ ವ್ಯತ್ಯಾಸ ತಿಳಿಯಲ್ಲ."

"ಹಾಗಾದ್ರೆ ಉಳಿದವರು ನೀವೊಬ್ಬರೇ."

ಆಗಲೂ ತಂದೆ ಮಗಳ ಕಡೆ ತಿರುಗಲಿಲ್ಲ.

ಇನ್‌ಸ್ಪೆಕ್ಟರ್ ಸ್ಪ್ಯಾನರನ್ನು ಅವಳತ್ತ ಚಾಚಿದಳು. "ನೀನೊಂದು ಸಲ ನೋಡಮ್ಮ."

ಅಪ್ಪ ಹೇಳಿದ್ದು ತಿಳಿಯದವಳಂತೆ ಎಡಕ್ಕೆ ತಿರುಗಿಸಿ, ಆಗಲ್ಲ ಎಂದಿದ್ದರೆ ಸಾಕಿತ್ತು. ಅವಳು ಮನೆಗೆ ಹೋಗಬಹುದಿತ್ತು. ಅವಳು ಮುಂದೆ ಬಂದಾಗ ಗೆಣ್ಣುಗಳ ಮೇಲಿನ ಹಳೆಯ ಕಲೆಗಳು, ಯಾವ ಸೋಪಿಗೂ ಹೋಗದ ಉಗುರಿನ ಮಸಿ ಕಂಡವು. ಮೊಣಕಾಲೂರಿ, ಸ್ಪ್ಯಾನರ್ ಕೂರಿಸಿ, ಮೈಭಾರವನ್ನೆಲ್ಲ ಬಲಕ್ಕೆ ಹಾಕಿದಳು. ಕಿರ್ ಎಂದು ನಟ್ಟು ಸಡಿಲವಾಯಿತು. ಅದನ್ನು ಬಿಚ್ಚಿ ತಂದು ತಂದೆಯ ಅಂಗೈಯಲ್ಲಿಟ್ಟಳು.

"ಚಾಸಿಗೆ ಬೆಸುಗೆ ಹಾಕಿದ್ದು ಯಾರು, ಅಪ್ಪ? ಗೇರಿನ ಹಲ್ಲು ಒಂದೊಂದೇ ತಿಕ್ಕಿ ಕೂರಿಸಿದ್ದು?"

"ಬಾಯ್ಮುಚ್ಚು."

"ಯಾಕೆ ಸಡಿಲ ಮಾಡ್ದೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಎಲ್ಲಾ ನಾನೇ ಕಟ್ಟಿದ್ದು ಅಂದ ತಮ್ಮ, ನೆಂಟರ ಮುಂದೆ. ಅಪ್ಪ ಹೂಂ ಅಂದ್ರು. ನಾನು ಲೋಟ ಹಿಡ್ಕೊಂಡು ನಿಂತಿದ್ದೆ." ಅವಳ ದನಿ ಏರಲಿಲ್ಲ. "ನಟ್ಟು ಸಡಿಲ ಆದ್ರೆ ಚಕ್ರ ಟಕ್ ಟಕ್ ಅನ್ನುತ್ತೆ, ಸ್ಟೀರಿಂಗ್ ನಡುಗುತ್ತೆ. ಕಟ್ಟಿದವರಿಗೆ ಗೇಟ್ ದಾಟೋದ್ರೊಳಗೆ ಕೇಳಿಸುತ್ತೆ. ಏನು ಕೆಟ್ಟಿದೆ ಅಂತ ಅವನಿಗೆ ಗೊತ್ತಾಗಲ್ಲ, ವಾಪಸ್ ಬಂದು ನನ್ನೇ ಕರೀಬೇಕು, ಅಷ್ಟೇ ಅಂದ್ಕೊಂಡೆ."

"ಅವನಿಗೆ ಕೇಳಿಸದೇ ಇದ್ರೆ?"

ಅವಳು ಸೀಟಿನ ಕಡೆ ನೋಡಿದಳು. "ಗೇಟಿನಾಚೆ ಇಳಿಜಾರಿದೆ ಅಂತ ನಂಗೊತ್ತಿತ್ತು, ಮೇಡಂ."

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಮಹಿಳಾ ಪೇದೆ ತೋಳು ಹಿಡಿದಾಗ ಅಲುಗದ ಅವಳು, ತಂದೆಯ ಮಾತಿಗೆ ಬೆಚ್ಚಿದಳು.

"ಸುಳ್ಳು ಹೇಳ್ತಿದಾಳೆ, ಮೇಡಂ. ಇವಳಿಗೆ ಅಷ್ಟು ತಲೆ ಇಲ್ಲ."

ಮಗಳನ್ನು ಉಳಿಸಿಕೊಳ್ಳಲು ಹಾಗೆ ಹೇಳಿದನೇ ಎಂದು ಇನ್‌ಸ್ಪೆಕ್ಟರ್ ಅವನ ಮುಖ ನೋಡಿದಳು. ಅಲ್ಲ. ಅವನು ಹಾಗೆಂದೇ ನಂಬಿದ್ದ.

"ಆರೋಪಿಯ ಕಸುಬು ಅನ್ನೋ ಕಡೆ ಮನೆಕೆಲಸ ಅಂತ ಬರ್ದಿದೀನಿ, ಮೇಡಂ," ಎಂದು ರೈಟರ್ ಕಡತವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ.

ಮನೆಕೆಲಸದ ಹೆಣ್ಣಿಗೆ ಉಲ್ಟಾ ಥ್ರೆಡ್ಡಿನ ವಿಷಯ ಹೇಗೆ ಗೊತ್ತು ಎಂದು ನಾಳೆ ಅವಳ ವಕೀಲ ಕೋರ್ಟಿನಲ್ಲಿ ಕೇಳುತ್ತಾನೆ. ತಂದೆಯೂ ಬಂದು ಅದನ್ನೇ ಹೇಳುತ್ತಾನೆ. ಅವಳು ಹೊರಬರಲು ಅದೊಂದೇ ಬಾಗಿಲು. ಲಾಕಪ್ಪಿನ ಸರಳಿಗೆ ಹಣೆ ಒತ್ತಿ ಅವಳು ಅಂಗಳದ ಜೀಪನ್ನೇ ನೋಡುತ್ತಿದ್ದಳು. ಜೀಪು ಎಡಕ್ಕೆ ವಾಲಿ ನಿಂತಿತ್ತು.

ಇನ್‌ಸ್ಪೆಕ್ಟರ್ ಸುಕ್ಕಾದ ತೋಳನ್ನು ಮೊಣಕೈಯವರೆಗೆ ಮಡಚಿದಳು. ಪೆನ್ನು ತೆರೆದು, ರೈಟರ್ ಬರೆದಿದ್ದ ಪದದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದಳು. ಅದರ ಮೇಲೆ ಸ್ಫುಟವಾಗಿ 'ಮೆಕ್ಯಾನಿಕ್' ಎಂದು ಬರೆದು, ಶಾಯಿ ಆರುವವರೆಗೂ ಕಾದು ಕಡತ ಮುಚ್ಚಿದಳು.