ವಿಲನ್ ಅತ್ತೆಗೆ ಸೀರೆ ಇಲ್ಲ

"ಆಕಿಗೆ ನನ್ನ ಮಗ್ಗದ ಸೀರಿ ಕೊಡಂಗಿಲ್ಲ. ಹೋಗಿ ಹೇಳು," ಎಂದ ಈಶಪ್ಪಜ್ಜ, ಮಗ್ಗದಿಂದ ತಲೆ ಎತ್ತದೆ.

ಶ್ರದ್ಧಾ ಹೊಸ್ತಿಲಲ್ಲೇ ನಿಂತಳು. ಎರಡೇ ನಿಮಿಷದಲ್ಲಿ ತರುತ್ತೇನೆಂದು ಆರತಿ ಅತ್ತೆಗೆ ಮಾತು ಕೊಟ್ಟು ಬಂದಿದ್ದಳು.

ಅತ್ತೆ ಹುಬ್ಬಳ್ಳಿಯಲ್ಲಿ ಸೌಂದರ್ಯ ಸ್ಪರ್ಧೆಯ ಕಿರೀಟ ಗೆದ್ದು, ಟಿವಿ ಸೀರಿಯಲ್ ಸೇರಿದವಳು. ಮೂರು ವರ್ಷದಿಂದ ಅದರಲ್ಲಿ ಅತ್ತಿಗೆಯನ್ನು ಕಾಡುವ ಕೆಟ್ಟ ನಾದಿನಿ. ಈಗ ಮೊದಲ ಸಲ ಸಿನಿಮಾ ಸಿಕ್ಕಿತ್ತು, ತನ್ನದೇ ಊರು ಗಜೇಂದ್ರಗಡದ ಟೀಚರ್ ಪಾತ್ರ. ಊರಿನ ಸೀರೆ ಉಟ್ಟೇ ಕ್ಯಾಮೆರಾ ಮುಂದೆ ನಿಲ್ಲಬೇಕೆಂದು ಅವಳ ಆಸೆ. ನಾಳೆ ಬೆಳಿಗ್ಗೆಯೇ ಬಸ್ಸು. ಓಣಿಯ ಉಳಿದ ನೇಕಾರರೋ, "ಈಶಪ್ಪ ಕೊಟ್ರ ನಾವೂ ಕೊಡ್ತೀವಿ" ಎಂದು ಕೈ ತೊಳೆದುಕೊಂಡಿದ್ದರು.

"ಯಾಕ್ರಿ ಅಜ್ಜಾ?"

"ಸೋಮವಾರ ನೋಡ್ಲಿಲ್ಲೇನು? ವೈನಿ ಮದುವಿ ಸೀರಿ ಒಲಿಗೆ ಹಾಕಿದ್ಲು. ಕೆಂಪು ದಡಿ, ನಮ್ಮ ಕಡೀದು. ಒಂದು ಸೀರಿ ನೇಯಾಕ ನನಗ ಮೂರು ದಿನ ಬೇಕು. ಆಕಿ ನಕ್ಕೋತ ಸುಟ್ಲು."

"ಅದು ಸೀರಿಯಲ್ ರೀ ಅಜ್ಜಾ."

"ಗೊತ್ತೈತಿ. ಬೆಂಕಿ ಖರೇ ಇತ್ತಲ್ಲ?"

ನೂಲು ಸುತ್ತುತ್ತಿದ್ದ ಅವನ ಹೆಂಡತಿ ಶೇಖವ್ವ ದನಿಗೂಡಿಸಿದಳು. "ನಮ್ಮ ಬೆಕ್ಕು ಸೈತ ಆಕಿ ದನಿ ಕೇಳಿದ್ರ ಮಂಚದ ಬುಡಕ ಹೋಗ್ತೈತಿ."

ಶ್ರದ್ಧಾ ತಡ ಮಾಡಿದಳೆಂದು ಅಷ್ಟರಲ್ಲಿ ಅತ್ತೆಯೇ ಬಂದುಬಿಟ್ಟಳು. "ಆರಾಮ ಇದ್ದೀರೇನ್ರಿ ಕಾಕಾ?"

ಬೆಕ್ಕು ಮಂಚದ ಕೆಳಗೆ ನುಸುಳಿತು. ಅಜ್ಜ ನೇಯ್ದಿಟ್ಟ ಸೀರೆಗಳನ್ನೆಲ್ಲ ಟ್ರಂಕಿಗೆ ತುರುಕಿ, ಮುಚ್ಚಳ ಹಾಕಿ, ಅದರ ಮೇಲೆ ಕುಳಿತುಬಿಟ್ಟ.

"ಕಾಕಾ, ಅದು ಸೀರಿ ಅಲ್ರಿ. ಹಳೇ ಬೆಡ್‌ಶೀಟು. ಕೆಂಪು ರಿಬ್ಬನ್ ಹೊಲಿದಿದ್ರು."

"ನನಗ ಕಲಿಸ್ತಿಯೇನು? ನಲವತ್ತು ವರ್ಷ ನೇಯ್ದೀನಿ. ಕತ್ತಲಾಗ ಮುಟ್ಟಿ ಹೇಳ್ತೀನಿ, ಯಾವುದು ಸೀರಿ, ಯಾವುದು ಚಾದರ ಅಂತ."

ಶ್ರದ್ಧಾ ಅತ್ತೆಯ ಮೊಬೈಲ್ ಇಸಿದುಕೊಂಡು ಆ ದೃಶ್ಯ ಹುಡುಕಿದಳು. ಬಟ್ಟೆ ಒಲೆಯ ಮೇಲೆ ಬಂದಾಗ ನಿಲ್ಲಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿದಳು.

ಅಜ್ಜ ಚಾಳೀಸು ಹಾಕಿ ನೋಡಿದ. ತೆಗೆದು ಒರೆಸಿ, ಮತ್ತೆ ನೋಡಿದ. ಬಟ್ಟೆಯ ಮೂಲೆಯಲ್ಲಿ ಒಂದು ಕರಡಿ ಮರಿ ಬಲೂನು ಹಿಡಿದು ನಿಂತಿತ್ತು.

"ಕರಡಿ," ಎಂದ ಮೆಲ್ಲಗೆ.

"ಈ ಕರಡಿ ಸಲುವಾಗಿ ಅವತ್ತ ರೊಟ್ಟಿ ಬಿಟ್ರಿ ನೀವು," ಎಂದಳು ಶೇಖವ್ವ.

"ನಿನಗರ ಕಂಡಿತ್ತೇನು?"

"ನನಗೆಲ್ಲಿ ಕಾಣಬೇಕು? ಈಕಿ ಮಾರಿ ನೋಡಿ ಬೈಯೋದ್ರಾಗ ಇದ್ದೆ."

"ನಾನೂ ಮಾರೀನ ನೋಡಿದ್ದು," ಎಂದ ಅಜ್ಜ.

ಶ್ರದ್ಧಾ ನಗು ತಡೆಯಲಾರದೆ ಅತ್ತೆಯ ಕಡೆ ತಿರುಗಿದಳು. ಅತ್ತೆ ನಗುತ್ತಿರಲಿಲ್ಲ. ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಅರಳಿತ್ತು. ಶ್ರದ್ಧಾ ಮೊಬೈಲಿನಲ್ಲಿ ಆ ದೃಶ್ಯ ಮತ್ತೆ ಹಾಕಿ ನೋಡಿದಳು, ಈ ಸಲ ಬಟ್ಟೆಯನ್ನಲ್ಲ, ಅತ್ತೆಯ ಮುಖವನ್ನು.

ಅಜ್ಜ ಟ್ರಂಕಿನಿಂದ ಇಳಿದ. ಎಲ್ಲಕ್ಕಿಂತ ಚೆಂದದ ಸೀರೆ ತೆಗೆದು ಅತ್ತೆಯ ಕೈಗಿಟ್ಟು, "ಕರಡಿ ಸುದ್ದಿ ಓಣ್ಯಾಗ ಯಾರ ಮುಂದೂ ತಗೀಬ್ಯಾಡ್ರಿ," ಎಂದ.

ಹೊರಗೆ ಬಂದರೆ, ಎದುರುಮನೆಯ ರಾಜೇಶ್ವರಿ ಕಾಕು ಅತ್ತೆಯನ್ನು ಕಂಡಿದ್ದೇ ತಡ, ಹಗ್ಗದ ಮೇಲೆ ಒಣಹಾಕಿದ್ದ ಸೀರೆಗಳನ್ನು ಲಗುಬಗೆಯಿಂದ ಎಳೆದುಕೊಳ್ಳತೊಡಗಿದಳು. ಬೇರೆ ದಿನವಾಗಿದ್ದರೆ ಶ್ರದ್ಧಾ ಓಡಿಹೋಗಿ, "ಅದು ಬರೇ ಆ್ಯಕ್ಟಿಂಗ್ ರೀ ಕಾಕು" ಎಂದು ವಾದಿಸುತ್ತಿದ್ದಳು.

ಇವತ್ತು ಓಡಲಿಲ್ಲ. ಅತ್ತೆಯ ಕೈ ಹಿಡಿದು, ಕೊನೆಯ ಸೀರೆ ಒಳಗೆ ಹೋಗುವವರೆಗೂ ಹೆಮ್ಮೆಯಿಂದ ನಿಂತು ನೋಡಿದಳು.